ರಾಹೇಲಜ್ಜಿಯ ಚಪ್ಪಲಿ

ಚನ್ನರಾಯಪಟ್ಟಣದ ನನ್ನ ಬಾಡಿಗೆ ಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಜೊತೆ ಹಳೆಯ ಚಪ್ಪಲಿ ಇದೆ. ನನ್ನ ಕಾಲಿಗೆ ದೊಡ್ಡವು. ಅಟ್ಟೆ ಸವೆದು ಬಾರು ಒಣಗಿ ಬಿರುಸಾಗಿದೆ. ಬಂದವರೆಲ್ಲ ಮೂಗು ಮುರಿದು, ಇವನ್ನು ಎಸೆಯಬಾರದೇ ಎನ್ನುತ್ತಾರೆ. ಎಸೆಯುವುದಿಲ್ಲ. ಯಾಕೆಂದು ನಿಮಗೆ ಹೇಳುತ್ತೇನೆ, ಸ್ವಲ್ಪ ಸಿಟ್ಟಿನಲ್ಲೇ ಹೇಳುತ್ತೇನೆ, ಬೇಸರಿಸಬೇಡಿ. ಸಿಟ್ಟು ನಿಮ್ಮ ಮೇಲಲ್ಲ, ಈ ಲೋಕದಲ್ಲಿ ಬಿಟ್ಟಿಯಾಗಿ ಸಿಗುವ ಒಂದು ಉಪದೇಶದ ಮೇಲೆ. "ತಾಳಿಕೊಳ್ಳಿ" ಎನ್ನುವುದೇ ಆ ಉಪದೇಶ. ನೆರಳಿನ ಜಗಲಿಯಲ್ಲಿ ಕುಳಿತವರು ಬಿಸಿಲಲ್ಲಿ ನಿಂತವರಿಗೆ ಇದನ್ನು ಎಷ್ಟು ಧಾರಾಳವಾಗಿ ದಾನ ಮಾಡುತ್ತಾರೆ, ನೀವೂ ನೋಡಿರುತ್ತೀರಿ.

ನಮ್ಮದು ಅರಕಲಗೂಡಿನ ಕಡೆ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ. ತಾತನ ಕಾಲದಲ್ಲೇ ನಮ್ಮ ಮನೆತನ ಕ್ರೈಸ್ತ ಸಭೆಗೆ ಸೇರಿತ್ತು. ನಾವು ಕೈಮುಗಿಯುವ ದೇವರು ಬೇರೆಯಾದರೂ ಊರಿನ ಕಣ್ಣಿಗೆ ನಮ್ಮ ಕಾಲು ಮಾತ್ರ ಹಳೆಯ ಕಾಲೇ ಆಗಿ ಉಳಿದಿತ್ತು. ಅವ್ವ ಸಭೆಯ ಪರವಾಗಿ ಪ್ರತಿ ಬುಧವಾರ ಒಂದು ಹಳ್ಳಿಯ ಕೇರಿಗೆ ಹೋಗಿ, ಅಲ್ಲಿನ ಹೆಂಗಸರಿಗೆ ಅಕ್ಷರ ಕಲಿಸಿ, ಪ್ರಾರ್ಥನೆ ಮಾಡಿ ಬರುತ್ತಿದ್ದಳು. ಆ ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ತಪ್ಪು ಆ ಊರೊಂದರದೇ ಆಗಿಬಿಡುತ್ತದೆ. ಕೇರಿಗೆ ಇದ್ದದ್ದು ಒಂದೇ ದಾರಿ, ಊರ ದೊಡ್ಡ ಬೀದಿ. ಆ ಬೀದಿಯ ತುದಿಯಲ್ಲಿ ಅವ್ವ ಚಪ್ಪಲಿ ಕಳಚಿ ಕಂಕುಳಲ್ಲಿಟ್ಟುಕೊಂಡು, ಬೀದಿ ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳಬೇಕು. ಜಗಲಿಗಳ ಮೇಲಿನ ಯಜಮಾನರು ಮೆಟ್ಟುತ್ತಿದ್ದದ್ದೂ ಅಪ್ಪ ಹೊಲಿದ ಚಪ್ಪಲಿಗಳನ್ನೇ, ಅದು ಬೇರೆ ಮಾತು. ಅಲ್ಲ, ಅದೇ ಮಾತು!

ನಾನು ಹಾಸನದಲ್ಲಿ ಶಿಕ್ಷಕಿಯರ ತರಬೇತಿಯಲ್ಲಿದ್ದ ವರ್ಷದ ಬೇಸಿಗೆ. ಅಂಗಾಲು ಬೊಬ್ಬೆ ಎದ್ದಿದ್ದರಿಂದ ಅವ್ವ ಅಂದು ಚಪ್ಪಲಿ ಕಳಚಲಿಲ್ಲ. ಒಬ್ಬಾತ ಜಗಲಿಯಿಂದಿಳಿದು ಬಂದು, ಗದರಿಸಿ ಕಳಚಿಸಿ, ಅವುಗಳನ್ನು ಕೋಲಿನಿಂದೆತ್ತಿ ತಿಪ್ಪೆಗೆ ಎಸೆದ. ಅವ್ವ ಆ ಬೊಬ್ಬೆಗಾಲಲ್ಲೇ ಮನೆಗೆ ನಡೆದು ಬಂದಳು.

ರಜೆಗೆ ಬಂದಿದ್ದ ನಾನು ಭಾನುವಾರದ ಆರಾಧನೆಯಲ್ಲಿ ಅವಳ ಪಕ್ಕದಲ್ಲೇ ಇದ್ದೆ. ಸಭೆಯ ಪಾದ್ರಿ ಅಯ್ಯನವರು ಒಳ್ಳೆಯವರು, ನನ್ನ ಸಿಟ್ಟಿಗೆ ಅದೇ ತೊಡಕು. ಅವ್ವನ ಸಂಗತಿ ಕೇಳಿದ್ದ ಅವರು, ಯೇಸುಸ್ವಾಮಿಯೂ ಸಹಿಸಲಿಲ್ಲವೇ, ಸಹಿಸಿದವರಿಗೆ ಪರಲೋಕದಲ್ಲಿ ಕಿರೀಟವಿಲ್ಲವೇ ಎಂದು ಬಹಳ ಇಂಪಾಗಿ ಬೋಧಿಸಿದರು. ಕಾಲಿಗೆ ಚಪ್ಪಲಿಯಿಲ್ಲದವಳಿಗೆ ತಲೆಗೆ ಕಿರೀಟ! ಆರಾಧನೆ ಮುಗಿದದ್ದೇ ಅವ್ವ ಅವರೆದುರು ನಿಂತಳು.

"ನಡ್ದೂ ನಡ್ದೂ ಸುಸ್ತಾಗಿಲ್ಲ ಅಯ್ನೋರೆ. ತಾಳ್ಕೋ ತಾಳ್ಕೋ ಅನ್ನಿಸ್ಕೊಂಡು ಸುಸ್ತಾಗಿವ್ನಿ. ಇನ್ ನಾ ಓಗಾಕಿಲ್ಲ."

ಆ ಕೇರಿಯಲ್ಲಿ ಚೌಡಮ್ಮ ಎಂಬಾಕೆ ತನ್ನ ಹೆಸರಿನ ಅರ್ಧದವರೆಗೆ ಬರೆಯಲು ಕಲಿತಿದ್ದಳು. ಅವ್ವ ನಿಂತರೆ ಅವಳ ಹೆಸರೂ ಅಲ್ಲಿಗೇ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಆದರೂ "ಹೋಗು" ಎನ್ನಲು ನನ್ನ ನಾಲಗೆ ಏಳಲಿಲ್ಲ.

ಸಂಜೆ ರಾಹೇಲಜ್ಜಿ ಮನೆಗೆ ಬಂದಳು. ನಮ್ಮ ಸಭೆಯ ದೇವಾಲಯದ ಕಸ ಗುಡಿಸುವ ಮುದುಕಿ. ಹುಟ್ಟಿದಂದಿನಿಂದ ಕಾಲಿಗೆ ಏನನ್ನೂ ಮೆಟ್ಟಿದವಳಲ್ಲ. ಅಪ್ಪನ ಮುಂದಿದ್ದ ತೊಗಲಿನ ಮೇಲೆ ಬಿರುಕುಬಿಟ್ಟ ಪಾದವನ್ನು ಊರಿ ನಿಂತಳು.

"ನನ್ಗೂ ಒಂದ್ ಜೊತೆ ಒಲ್ಕೊಡಪ್ಪ. ಬುದ್ವಾರ ಇವ್ಳ ಜೊತೆ ಓಗ್ಬೇಕು."

"ಈ ವಯಸ್ನಾಗೆ ನಿಂಗ್ಯಾಕಜ್ಜಿ ಈ ಉಸಾಬರಿ?" ಎಂದಳು ಅವ್ವ.

"ಯೇಸುಸ್ವಾಮಿ ಸಿಲುಬೆ ಒತ್ಕೊಂಡು ಬಿದ್ದಾಗ, ತಾಳ್ಕೋ ಸ್ವಾಮಿ ಅಂತ ಬದೀಲಿ ನಿಂತು ಅಂದೋರು ಯಾರಾದ್ರೂ ನೆಪ್ಪವ್ರಾ? ಆ ಸಿಲುಬೆಗೆ ಎಗಲು ಕೊಟ್ನಲ್ಲ ಒಬ್ಬ ದಾರಿಹೋಕ, ಅವನ್ ಇಚಾರ ಇವತ್ತಿಗೂ ಆಡ್ತೀವಿ ಕಣವ್ವ."

ಅಪ್ಪ ಅವಳ ಪಾದದ ಅಳತೆ ತೆಗೆದ. ಅವ್ವನಿಗೂ ಹೊಸ ಜೊತೆ ಕತ್ತರಿಸಿದ. ನಾನೂ ಬರುತ್ತೇನೆ ಎಂದೆ.

ಬುಧವಾರ ಮೂವರೂ ಹೋದೆವು. ಹೊಸ ಚಪ್ಪಲಿ ಕಚ್ಚಿ ಅಜ್ಜಿ ಕುಂಟುತ್ತಿದ್ದಳು. ಅದೇ ಮನುಷ್ಯ ಜಗಲಿಯಿಂದಿಳಿದು, "ಬಿಡಮ್ಮಿ ಚಪ್ಲೀನ!" ಎಂದು ಗುಡುಗಿದ.

"ಬಿಡಕ್ಕಾಗಲ್ಲ ಸಾ, ಈಗ್ತಾನೆ ಮೆಟ್ಕಂಡಿವ್ನಿ. ಆಗ್ಲೇ ಎಪ್ಪತ್ತು ವರ್ಸ ತಡ ಆಗೈತೆ" ಎಂದಳು ಅಜ್ಜಿ.

ಹಿಂದಿನಿಂದ ಸಗಣಿ ಬಿತ್ತು, ಬೈಗುಳ ಬಿತ್ತು. ಅಜ್ಜಿ ತಿರುಗಲಿಲ್ಲ, ಅವ್ವ ನಿಲ್ಲಲಿಲ್ಲ. ಅಂದು ಕೇರಿಯಲ್ಲಿ ಚೌಡಮ್ಮ ಹಲಗೆಯ ಮೇಲೆ ತನ್ನ ಹೆಸರನ್ನು ಪೂರ್ತಿ ಬರೆದಳು. ಅವರಿಬ್ಬರೂ ಮುಂದೆ ನಾಲ್ಕು ವರ್ಷ ವಾರ ತಪ್ಪದೆ ಆ ಬೀದಿಯಲ್ಲಿ ನಡೆದರು. ಬೀದಿಯವರ ಮನಸ್ಸು ಕರಗಿತೆಂದು ಸುಳ್ಳು ಹೇಳಲಾರೆ. ಕೂಗೀ ಕೂಗೀ ಅವರಿಗೇ ದಣಿವಾಯಿತು. ಸಹಿಸುವುದು ಬೇರೆ, ಬಿಡದೆ ನಡೆಯುವುದು ಬೇರೆ ಎಂದು ನನಗೆ ತಿಳಿದದ್ದು ಯಾವ ಬೋಧನೆಯಿಂದಲೂ ಅಲ್ಲ, ಆ ಕುಂಟು ನಡಿಗೆಯಿಂದ. ಅಯ್ಯನವರ ಬಗ್ಗೆಯೂ ಹೇಳಬೇಕು, ಎರಡನೆಯ ವರ್ಷ ಅವರೂ ಒಂದು ಬುಧವಾರ ಜೊತೆಗೆ ಹೊರಟರು. ತಡವಾಗಿಯೇ, ಆದರೆ ಹೊರಟರು.

ಅಜ್ಜಿ ತೀರಿಕೊಂಡಾಗ ಚಪ್ಪಲಿ ನನ್ನ ಪಾಲಿಗೆ ಬಂತು. ಈಗ ನನ್ನ ಶಾಲೆಯಲ್ಲಿ ಉಪಾಧ್ಯಾಯರ ಕೋಣೆಯ ನೀರಿನ ಕೊಡವನ್ನು ನಾನು ಮುಟ್ಟುವಂತಿಲ್ಲ. ನನಗೆಂದೇ ಕಿಟಕಿಯಲ್ಲಿ ಒಂದು ಬೇರೆ ಲೋಟ. ಆದರೂ ನಾನು ಆ ಕೊಡದಿಂದಲೇ ನೀರು ತೆಗೆದುಕೊಳ್ಳುತ್ತೇನೆ, ಅವರು ದಿನವೂ ಅದನ್ನು ಚೆಲ್ಲಿ ತೊಳೆಯುತ್ತಾರೆ. ಮೊನ್ನೆ ಸಹೋದ್ಯೋಗಿಯೊಬ್ಬರು ಕನಿಕರದಿಂದ ಮನೆಗೇ ಬಂದು, ಹೊಸ್ತಿಲಲ್ಲಿ ನಿಂತು, "ಸ್ವಲ್ಪ ತಾಳ್ಕೊಳ್ಳಿ ಟೀಚರ್, ಎಲ್ಲ ಸರಿಹೋಗುತ್ತೆ" ಎಂದರು.

ನಾನು ರಾಹೇಲಜ್ಜಿಯ ಚಪ್ಪಲಿಯನ್ನು ಅವರ ಕಾಲ ಬಳಿಗೆ ಸರಿಸಿದೆ. "ನಿಮಗೆ ಸರಿಹೋಗುತ್ತವೋ ನೋಡಿ" ಎಂದೆ.