ಪರೀಕ್ಷೆಗೆ ಮೊದಲೇ ಬಂದ ಗೌನು

ಹಗಲುಗನಸು ಕಾಣಲು ಕಸ್ತೂರಿಗೆ ಹಾಸಿಗೆ, ದಿಂಬು ಏನೂ ಬೇಕಿರಲಿಲ್ಲ, ನಲ್ಲಿಯ ಮುಂದಿನ ಸಾಲೇ ಸಾಕಿತ್ತು. ಮುಂಬಯಿ ಧಾರಾವಿಯ ಆ ಚಾಳಿಗೆ ನೀರು ಬರುತ್ತಿದ್ದದ್ದೇ ಬೆಳಗಿನ ಒಂದಿಷ್ಟು ಹೊತ್ತು. ಅಷ್ಟರಲ್ಲೂ ಈ ಹುಡುಗಿ ಕೊಡವನ್ನು ನಲ್ಲಿಯ ಕೆಳಗಿಟ್ಟು ತಾನು ಮನಸ್ಸಿನಲ್ಲೇ ಫೋರ್ಟಿನ ಆಫೀಸುಗಳ ಕಡೆಗೆ ಹೋಗಿಬಿಡುತ್ತಿದ್ದಳು. ಬಿ.ಎ. ಮುಗಿದಿದೆ, ಬ್ಯಾಂಕಿನಲ್ಲಿ ನೌಕರಿ ಸಿಕ್ಕಿದೆ, ಕೈಗೆ ವಾಚು ಕಟ್ಟಿಕೊಂಡು ಸಯನ್‌ನಲ್ಲಿ ಲೋಕಲ್ ರೈಲು ಹತ್ತಿದ್ದಾಳೆ. ಮಧ್ಯಾಹ್ನ ಜೊತೆಯವರೊಂದಿಗೆ ಉಡುಪಿ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿನ್ನುತ್ತಿದ್ದಾಳೆ. ಆ ದೋಸೆ ಅರ್ಧ ಮುಗಿಯುವಷ್ಟರಲ್ಲಿ ಇಲ್ಲಿ ಕೊಡ ತುಂಬಿ ನೀರು ಮೋರಿ ಸೇರುತ್ತಿತ್ತು, ಹಿಂದೆ ನಿಂತ ಹೆಂಗಸರು ಅವಳ ಜನ್ಮ ಜಾಲಾಡುತ್ತಿದ್ದರು.

“ಕಾಲೇಜಿಗಿ ಕಳಿಸಿ ನಾವೇ ಕೆಡಿಸಿದ್ವಿ ಇದಕ,” ಎಂದು ತಾಯಿ ಭಾಗವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬ್ಯಾಂಕಿನ ನೌಕರಿಯ ಈ ಆಸೆ ಮನೆಯವರಿಗೆಲ್ಲ ಗೊತ್ತಿತ್ತು.

ತಂದೆ ಶಿವಪುತ್ರಪ್ಪನದು ಇನ್ನೊಂದು ಬಗೆಯ ಹುಚ್ಚು. ಗುಲ್ಬರ್ಗಾ ಕಡೆಯಿಂದ ಗಾರೆ ಹೊರಲು ಬಂದವನು, ಈಗ ಸ್ಲ್ಯಾಬ್ ಹಾಕುವ ಕೂಲಿಗಳಿಗೆ ಮುಕಾದಮ, ಅಂದರೆ ಮೇಸ್ತ್ರಿ. ಓದು ಬರಹ ಬಾರದು. ಆದರೆ ಮಗಳು ಕಾಲೇಜಿನ ಮೆಟ್ಟಿಲು ಹತ್ತಿದ ದಿನವೇ ಅವನ ಲೆಕ್ಕದಲ್ಲಿ ಬಿ.ಎ. ಆಗಿಹೋಗಿತ್ತು. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ, ಕೇಳಲಿ ಬಿಡಲಿ, “ನಮ್ಮ ಹುಡುಗಿ ಬಿ.ಎ.” ಎನ್ನುತ್ತಿದ್ದ.

ಕೊನೆಯ ವರ್ಷದ ಪರೀಕ್ಷೆ ಏಪ್ರಿಲ್‌ನಲ್ಲಿತ್ತು. ಸಂಕ್ರಾಂತಿ ಮುಗಿಯುತ್ತಲೇ ಸೋದರಮಾವ ಅಣವೀರಪ್ಪ ಊರಿನಿಂದ ಒಂದು ಸಂಬಂಧ ಹೊತ್ತು ತಂದ. ಹುಡುಗ ತಹಸೀಲ್ದಾರರ ಕಚೇರಿಯಲ್ಲಿ ಗುಮಾಸ್ತ. ಅವನ ಮನೆಯವರಿಗೆ ಬಿ.ಎ. ಸೊಸೆಯೇ ಬೇಕು, ಮದುವೆ ಮಾಘದಲ್ಲೇ ಆಗಬೇಕು.

“ಪರೀಕ್ಷಾ ಇನ್ನಾ ಆಗಿಲ್ಲಲ್ಲ ಮಾಮಾ,” ಎಂದಳು ಕಸ್ತೂರಿ.

“ಅದಕ್ಕೇನು? ಡಿಗ್ರಿದ ಕರೀ ಗೌನು ಹಾಕ್ಕೊಂಡು ಒಂದು ಫೋಟೋ ತೆಗಿಸು, ಬಸ್. ಅವರಿಗಿ ಅಷ್ಟೇ ಸಾಕು,” ಎಂದ ಅಣವೀರಪ್ಪ.

ಭಾನುವಾರ ಅಪ್ಪ ಮಗಳು ಫೋಟೋ ಸ್ಟುಡಿಯೋಗೆ ಹೋದರು. ಅಲ್ಲಿ ಗೌನು ಗೂಟಕ್ಕೆ ನೇತುಬಿದ್ದಿತ್ತು. ಡಾಕ್ಟರು, ವಕೀಲರು, ನಾಪಾಸಾದವರು ಎಲ್ಲರಿಗೂ ಅದೊಂದೇ. ಸ್ಟುಡಿಯೋದವನು ಅದನ್ನು ಅವಳ ಮೈಮೇಲೆ ಇಳಿಬಿಟ್ಟು, ಸಡಿಲಾದಲ್ಲಿ ಬೆನ್ನಿಗೆ ಪಿನ್ನು ಚುಚ್ಚಿ, ಕನ್ನಡಿಯ ಮುಂದೆ ನಿಲ್ಲಿಸಿದ. ಕಸ್ತೂರಿ ಇಷ್ಟು ದಿನ ಮನಸ್ಸಿನಲ್ಲಿ ಬರೆದುಕೊಂಡ ಚಿತ್ರ ಕಣ್ಣೆದುರಿಗೇ ಇತ್ತು. ಎಷ್ಟು ಚೆನ್ನಾಗಿ ಕಾಣುತ್ತೇನೆ ಅನ್ನಿಸಿತು. ಹಾಗೇ ನಿಂತುಬಿಡೋಣ ಅಂತಲೂ ಅನ್ನಿಸಿತು, ಅದನ್ನೇಕೆ ಮುಚ್ಚಿಡಬೇಕು?

ಆದರೆ ಹಿಂದೆಯೇ ಇನ್ನೊಂದು ಹೊಳೆಯಿತು. ಆ ಮನೆಯವರಿಗೆ ಬೇಕಾದದ್ದು ಬಿ.ಎ. ಅಲ್ಲ, ಈ ಗೌನು. ಫೋಟೋ ಒಮ್ಮೆ ಗೋಡೆ ಏರಿತೆಂದರೆ ಪರೀಕ್ಷೆಯ ಮಾತನ್ನು ಯಾರೂ ಎತ್ತುವುದಿಲ್ಲ. ಏಪ್ರಿಲ್ ಬರುವಷ್ಟರಲ್ಲಿ ತಾನು ಗುಲ್ಬರ್ಗಾದ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ.

“ಇಕಡಿ ನೋಡು ಬೇಟಿ, ಜರಾ ಹಸೋ,” ಎಂದ ಸ್ಟುಡಿಯೋದವನು.

ಕಸ್ತೂರಿ ನಗಲಿಲ್ಲ. ಬೆನ್ನಿಗೆ ಕೈಹಾಕಿ ಪಿನ್ನು ಕಿತ್ತಳು.

“ಏನ್ ಮಾಡ್ಲಕತ್ತಿ?” ಶಿವಪುತ್ರಪ್ಪ ಗಾಬರಿಯಾದ.

“ಇದು ಹಾಕ್ಕೊಂಡು ಫೋಟೋ ತೆಗಿಸಂಗಿಲ್ಲಪ್ಪಾ. ಮದಿವಿನೂ ಈಗ ಬ್ಯಾಡ.”

“ಎಲ್ಲಾರೂ ತೆಗಸ್ತಾರ. ಎರಡು ಮೂರು ತಿಂಗಳದಾಗ ಹೆಂಗೂ ಬಿ.ಎ. ಆಗ್ತದಲ್ಲ?”

“ಹೆಂಗೂ ಆಗ್ತದಂತ ನೀ ಸ್ಲ್ಯಾಬ್ ಹಾಕಿ ಮರುದಿನಾನೇ ಸೆಂಟ್ರಿಂಗ್ ಬಿಚ್ಚತಿಯೇನು? ಮಂದಿಗಿ ಅದರ ಕೆಳಗ ನಿಂದ್ರಸ್ತಿಯೇನು?”

ಕಾಂಕ್ರೀಟು ಬಿಗಿಯುವ ಮೊದಲೇ ಅಡಿಯ ಹಲಗೆ ತೆಗೆಯಿರಿ ಎಂದ ಬಿಲ್ಡರುಗಳ ಜೊತೆ ಶಿವಪುತ್ರಪ್ಪ ಆಯುಷ್ಯವಿಡೀ ಜಗಳವಾಡಿದ್ದ, ಅದಕ್ಕಾಗಿ ಎರಡು ಕಡೆ ಕೆಲಸವನ್ನೂ ಕಳೆದುಕೊಂಡಿದ್ದ. ಅವನು ಗೌನನ್ನು ನೋಡಿದ, ಮಗಳನ್ನು ನೋಡಿದ. “ನಡಿ,” ಎಂದು ಹೊರಗೆ ಹೊರಟ.

ಸಂಬಂಧ ಮುರಿಯಿತು. ಅಣವೀರಪ್ಪ ಮುನಿಸಿಕೊಂಡು ಊಟ ಬಿಟ್ಟು ಎದ್ದುಹೋದ. ಭಾಗವ್ವ ಅತ್ತಳು, ಬೈದಳು, ಆಮೇಲೆ ಪಾತ್ರೆಗಳನ್ನು ಕುಕ್ಕತೊಡಗಿದಳು. ಶಿವಪುತ್ರಪ್ಪ ಮಾತ್ರ ಒಳ್ಳೆಯದು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ಕಸ್ತೂರಿಗೆ ಭಯವಾಯಿತು. ನಾಪಾಸಾದರೆ ಈ ಮನೆಯಲ್ಲಿ ಮುಖ ತೋರಿಸುವಂತಿಲ್ಲ. ಹಲ್ಲು ಕಚ್ಚಿ ಓದಲು ಕೂತಳು. ಬ್ಯಾಂಕು, ವಾಚು, ದೋಸೆ ನೆನಪಾದರೆ ತನಗೆ ತಾನೇ ಗದರಿಕೊಂಡು ಮುಂದಿನ ಪುಟ ತಿರುವುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಶಿವಪುತ್ರಪ್ಪ ಚಹಾದ ಕಪ್ಪು-ಬಸಿ ಹಿಡಿದು ಅವಳ ಪುಸ್ತಕದ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ. ಬಹಳ ದಿನ ಯೋಚಿಸಿದವನ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ:

“ನಾ ಯಾವಾಗರ ನಿನ್ನ ಬ್ಯಾಂಕಿಗಿ ಬಂದ್ರ, ನೀ ಎದ್ದು ಗಿದ್ದು ನಿಂದ್ರಬ್ಯಾಡ ಮತ್ತ. ಮೈಮ್ಯಾಗ ಸಿಮೆಂಟ್ ಇರ್ತದ ನಂದು. ಯಾರಂತ ಸಾಹೇಬ ಕೇಳಿದ್ರ, ಊರ ಕಡಿಯವ ಅನ್ನು.”

ಕಸ್ತೂರಿ ಅಷ್ಟೊಂದು ಹಗಲುಗನಸು ಕಂಡಿದ್ದಳಲ್ಲ, ಒಂದರಲ್ಲೂ ಅಪ್ಪ ಆ ಬ್ಯಾಂಕಿನ ಬಾಗಿಲು ದಾಟಿ ಒಳಗೆ ಬಂದಿರಲಿಲ್ಲ. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು.

“ಪಾಸಾಗ್ತೀನಿ, ತಡಿ,” ಎಂದಳು. “ಎದ್ದೇ ನಿಂದ್ರತೀನಿ. ನಮ್ಮಪ್ಪ ಅಂತ್ಲೇ ಹೇಳ್ತೀನಿ.”