ಯೆಶಿ ಮುಚ್ಚದ ಕಿಟಕಿ

ಆಡಿಸ್ ಅಬಾಬದ ಶಿರೋ ಮೆದಾ ನಿಲ್ದಾಣದಲ್ಲಿ ಹುರಿದ ಜವೆಗೋಧಿ ಮಾರುತ್ತ ನಾನು ಮುದುಕಿಯಾದೆ. ಯೆಶಿಯಂಥ ಹಟಮಾರಿಯನ್ನು ಮಾತ್ರ ಇನ್ನೊಬ್ಬಳನ್ನು ಕಂಡಿಲ್ಲ. ಗಂಡ ದೆಜೆನೆ ಓಡಿಸುವ ಬಾಡಿಗೆ ವ್ಯಾನಿಗೆ ಅವಳೇ ಕಂಡಕ್ಟರ್. ಬಾಗಿಲಲ್ಲಿ ನೇತಾಡುತ್ತ, ಗಾಡಿ ಹೋಗುವ ಪೇಟೆಯ ಹೆಸರು ಹಿಡಿದು "ಪಿಯಾಸಾ, ಪಿಯಾಸಾ!" ಎಂದು ಕೂಗಿದರೆ ಸೌದೆ ಹೊತ್ತ ಕತ್ತೆಗಳೂ ತಿರುಗಿ ನೋಡುತ್ತವೆ.

ದೆಜೆನೆ ಕ್ಷಯ ಹಿಡಿದು ಬದುಕಿ ಎದ್ದದ್ದೇ ಹೆಚ್ಚು. ಒಂದು ಶ್ವಾಸಕೋಶ ಹಾಳಾಗಿದೆ, ಇನ್ನೊಮ್ಮೆ ಹಿಡಿದರೆ ಉಳಿಯಲಾರ ಎಂದರು ಡಾಕ್ಟರು. ತುಂಬಿದ ಗಾಡಿ, ಮುಚ್ಚಿದ ಗಾಜು, ಕೆಮ್ಮುವ ಜನ. ರೋಗ ಅಲ್ಲಿಂದಲೇ ಬಂತು ಎಂದು ಯೆಶಿ ತೀರ್ಮಾನಿಸಿದಳು. ಪ್ರಯಾಣಿಕರ ಕಡೆಯ ಗಾಜುಗಳನ್ನೆಲ್ಲ ಸರಿಸಿ, ಮತ್ತೆ ಮುಚ್ಚಲಾಗದಂತೆ ಸಂದಿಗೆ ಮರದ ತುಂಡು ಬಡಿದಳು.

ಜನ ಸುಮ್ಮನಿರುತ್ತಾರೆಯೇ? ಗಾಳಿ ಹೊಡೆದರೆ ಜ್ವರ, ಬಾಯಿಹುಣ್ಣು ಎಂದು ನಾವೆಲ್ಲ ಹೆದರುವವರೇ. ನಾನೂ ಹೆದರುತ್ತೇನೆ. ದೆಜೆನೆಯಂತೂ ತನ್ನ ಪಕ್ಕದ ಗಾಜನ್ನು ಹೆಂಡತಿಗೆ ಕಾಣದಂತೆ ಏರಿಸಿಕೊಳ್ಳುತ್ತಿದ್ದ. ಯೆಶಿ ವಾದಕ್ಕೇ ಇಳಿಯಲಿಲ್ಲ. ಗಾಳಿ ಹೊಡೆದವರಿಗೆ ನಾವು ಉಜ್ಜಿ ಮೂಸಿಸುವ ದಮಕಸೆ ಸೊಪ್ಪಿನ ಕಟ್ಟೊಂದನ್ನು ಬಾಗಿಲಿಗೆ ನೇತುಹಾಕಿದಳು.

"ಗಾಳಿ ಹೊಡೀತಾ ಅಕ್ಕ? ತಗೋ, ಮೂಸು. ಇದಕ್ಕೆ ಸೊಪ್ಪಿದೆ. ನನ್ನ ಗಂಡನ ಎದೆಗೆ ಯಾವ ಸೊಪ್ಪು ತರ್ಲಿ?"

ಮಳೆಗಾಲದ ಒಂದು ಬೆಳಿಗ್ಗೆ, ವ್ಯಾನುಗಳ ಸಾಲು ನೋಡಿಕೊಳ್ಳುವ ಶಿಬ್ರು ಅಡ್ಡ ನಿಂತ.

"ಕಿಟಕಿ ಮುಚ್ಚು, ಇಲ್ಲಾ ಸಾಲು ಬಿಟ್ಟು ತೊಲಗು. ಜನ ನನಗೆ ಬೈತಿದಾರೆ."

"ಸಾಲು ಬಿಟ್ರೆ ಉಪವಾಸ, ಮುಚ್ಚಿದ್ರೆ ಹೆಣ. ಯಾವ್ದು ಮಾಡ್ಲಿ, ನೀನೇ ಹೇಳಣ್ಣ."

"ನನ್ಹತ್ರ ನಾಟಕ ಬೇಡ!" ಶಿಬ್ರು ಡ್ರೈವರ್ ಸೀಟಿನ ಕಡೆ ನಡೆದವನೇ ಗಹಗಹಿಸಿ ನಕ್ಕ. "ನೋಡ್ರಪ್ಪಾ! ಇವಳ ಗಂಡನ ಗಾಜೇ ಮುಚ್ಚಿದೆ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಯೆಶಿಯ ಮುಖ ಸಪ್ಪಗಾಯಿತು.

ದೆಜೆನೆ ಹೆಂಡತಿಯ ಕಡೆ ನೋಡಿದ. ಗಾಜನ್ನು ಪೂರ್ತಿ ಇಳಿಸಿದ. ಆಮೇಲೆ ಅದನ್ನು ತಿರುಗಿಸುವ ಹಿಡಿಯನ್ನೇ ಕಿತ್ತು ಶಿಬ್ರುವಿನ ಕಾಲ ಬುಡದ ಕೆಸರಿಗೆ ಎಸೆದ.

"ಈಗ ಮುಚ್ಚು, ನೋಡೋಣ," ಎಂದ.

ಆದರೂ ಒಬ್ಬರೂ ಹತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಶಾಲನ್ನು ತಲೆ ಕಿವಿಗೆ ಬಿಗಿಯಾಗಿ ಸುತ್ತಿ, ಬುಟ್ಟಿ ಎತ್ತಿಕೊಂಡೆ.

"ಸರಿಯೋ ಶಿಬ್ರು! ತೊಲಗಿಸೋದಾದ್ರೆ ನನ್ನನ್ನೂ ಸೇರಿಸಿ ತೊಲಗಿಸು."

ಅವನನ್ನು ದೂಡಿ ಹತ್ತಿ, ಕಿಟಕಿಯ ಪಕ್ಕವೇ ಕೂತೆ. ತಣ್ಣನೆ ಗಾಳಿ ಮುಖಕ್ಕೆ ರಾಚಿತು. ಗೊಣಗುತ್ತ ಇನ್ನಿಬ್ಬರು ಹತ್ತಿದರು. ಯೆಶಿ ನನ್ನ ಮಡಿಲಿಗೆ ಒಂದು ಹಿಡಿ ಸೊಪ್ಪು ಹಾಕಿ, ಬಾಗಿಲಿಗೆ ನೇತುಬಿದ್ದು, ಮೊದಲಿನ ಗಂಟಲಲ್ಲೇ "ಪಿಯಾಸಾ!" ಎಂದು ಕೂಗಿದಳು.

ಪಿಯಾಸಾದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.