ಮುತ್ಯಾನ ಕೊರಳಿನ ಗಂಟು

ಮುತ್ಯಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ನಮ್ಮೂರು ಕರಜಗಿಯ ಕರಿಮಣ್ಣು ಸದಾ ಕೂತಿರುತ್ತಿತ್ತು. ಅರ್ಧ ಹೊಲದ್ದು, ಅರ್ಧ ಕುಣಿಯದ್ದು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿ ತೋಡಿ, ಪದ್ಮಾಸನದಲ್ಲಿ ಕೂರಿಸಿ, ಬದುಕಿದ್ದಾಗ ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮುಚ್ಚುತ್ತೇವೆ. ನಮ್ಮ ಓಣಿಯಲ್ಲಿ ಯಾರೇ ತೀರಿಕೊಂಡರೂ ಕುಣಿಗೆ ಇಳಿದು ಕೂರಿಸುವವರು ಪಕ್ಕದ ಮನೆಯ ಈ ಅಜ್ಜ. ನನಗೆ ರಕ್ತಸಂಬಂಧವೇನಿಲ್ಲ, ಊರಿಗೆಲ್ಲ ಅವರು ಮುತ್ಯಾ.

ಹೆಣ ಬರುವ ಮೊದಲೇ ಅವರು ಒಬ್ಬರೇ ಕೆಳಗಿಳಿದು, ತಳವನ್ನೆಲ್ಲ ಅಂಗೈಯಿಂದ ಸವರಿ, ಒಂದೊಂದೇ ಹಳ್ಳು, ಚೂಪು ಕಲ್ಲು ಆರಿಸಿ ಮೇಲಕ್ಕೆ ಎಸೆಯುತ್ತಿದ್ದರು. "ಚುಚ್ಚಿದರ ಹ್ಯಾಂಗ ಕುಂದ್ರಬೇಕು ಪಾಪ?" ಆಗಷ್ಟೇ ಮಾಸ್ತರಿಕೆ ಸಿಕ್ಕಿತ್ತು ನನಗೆ, ನೆಲದ ಮೇಲೆ ಕಾಲಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ಮುತ್ಯಾ, ಸತ್ತವರಿಗೆ ಚುಚ್ಚೋದು ತಿಳಿತದೇನ್ರಿ?"

ತಂಬಾಕು ತಿಕ್ಕುತ್ತ ನಕ್ಕರು. "ಏನ್ ತಿಳಿತದೋ ಮಾರಾಯಾ! ಇಷ್ಟು ಮಂದೀನ ಕುಂದ್ರಿಸೀನಿ, ಒಬ್ಬರರೆ ಹೂಂ ಅಂದಿಲ್ಲ."

"ಮತ್ಯಾಕ ಹಳ್ಳು ಆರಿಸ್ತೀರಿ?"

"ನನಗ ತಿಳಿತದಲ್ಲಪಾ."

ಎಂಬತ್ತನೆಯ ಇಸವಿಯ ಸುಮಾರಿಗೆ ನನ್ನ ಅವ್ವ ಹಾಸಿಗೆ ಹಿಡಿದಳು. ಅಫಜಲಪುರದಲ್ಲಿ ಎಕ್ಸ್‌ರೇ ತೆಗೆಸುವಾಗ ಅವಳ ಕೊರಳಿನ ಲಿಂಗವನ್ನು ನಾನೇ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡೆ, ಮನೆಗೆ ಬಂದು ಟ್ರಂಕಿನಲ್ಲಿಟ್ಟೆ. ಅವ್ವ ಎರಡು ಸಲ ಕೇಳಿದಳು. "ತಡಿಬೇ ಯವ್ವಾ, ಕೊಡ್ತೇನಿ" ಎಂದೆ. ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಏನು ದೊಡ್ಡ ಕೆಲಸವೋ ಸುಡುಗಾಡು! ಮೂರನೆಯ ದಿನ ಅವಳು ಹೋಗಿಬಿಟ್ಟಳು. ಮೈತೊಳೆದ ಹೆಂಗಸರು ಲಿಂಗ ಗಂಡಸರ ಕಡೆ ಇದೆ ಎಂದುಕೊಂಡರು, ಗಂಡಸರು ಅವಳ ಸೆರಗಿನೊಳಗೇ ಇದೆ ಎಂದುಕೊಂಡರು. ನಾನು ದೂರ ನಿಂತು ಅಳುತ್ತಿದ್ದೆ. ಮಣ್ಣು ಮಾಡಿ ಮನೆಗೆ ಬಂದು ಧೋತರ ತೆಗೆಯಲು ಟ್ರಂಕು ತೆರೆದಾಗ ಕರವಸ್ತ್ರ ಕಂಡಿತು. ಪಕ್ಕದ ಮನೆಗೆ ಓಡಿದೆ.

ಮುತ್ಯಾ ತಮ್ಮ ಕಟ್ಟೆಯ ಮೇಲೆ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದರು. ಕರವಸ್ತ್ರ ಬಿಚ್ಚಿ ತೋರಿಸಿದೆ.

"ಅಳಬ್ಯಾಡ. ನಿಮ್ಮವ್ವ ಖಾಲಿ ಕೈಲೆ ಹೋಗಿಲ್ಲ" ಎಂದು ಅಂಗಿಯ ಗುಂಡಿ ಬಿಚ್ಚಿದರು. ಕೊರಳಲ್ಲಿ ಲಿಂಗ ಕಟ್ಟುವ ವಸ್ತ್ರ ಚಪ್ಪಟೆಯಾಗಿ ಜೋತುಬಿದ್ದಿತ್ತು. ಕುಣಿಯಲ್ಲಿ, ಯಾರಿಗೂ ಕಾಣದಂತೆ, ತಮ್ಮದನ್ನೇ ಅವಳ ಅಂಗೈಗೆ ಇಟ್ಟಿದ್ದರು. ಲಿಂಗ ಮೈಮೇಲಿಲ್ಲದೆ ಗುಟುಕು ನೀರನ್ನೂ ಕುಡಿಯದ ಮನುಷ್ಯ ಅದು.

"ಇದನ್ನ ನೀವು ಕಟ್ಟಿಕೊಳ್ರಿ ಮುತ್ಯಾ."

"ಅದು ಆಕಿದು. ಜೀವ ಇರೋತನ ನಾ ಮುಟ್ಟಂಗಿಲ್ಲ. ನಾ ಹೋದಾಗ ನನ್ನ ಕೈಯಾಗ ಇಡು, ಸಾಕು."

"ಮಠದಿಂದ ಹೊಸದರೆ ತರ್ತೇನ್ರಿ."

"ಹಳೇದು ಎಲ್ಲಿ ಅಂತಾರ. ಸುಳ್ಳು ಹೇಳಬೇಕು, ಇಲ್ಲಾ ನಿಮ್ಮವ್ವನ ಹೆಸರು ತರಬೇಕು. ಎರಡೂ ಬ್ಯಾಡ."

"ಸತ್ತವರಿಗೆ ಏನೂ ತಿಳಿಯಂಗಿಲ್ಲ ಅಂತಿದ್ರಲ್ಲ?"

"ಈಗೂ ಅಂತೇನಿ. ಖಾಲಿ ಕೈ ಮ್ಯಾಲ ಮಣ್ಣು ಎಳದು ಬಂದು ನಾ ರೊಟ್ಟಿ ಹ್ಯಾಂಗ ಮುರೀಲಿ, ನೀನೇ ಹೇಳು."

ವಸ್ತ್ರದಲ್ಲಿ ಒಂದು ವಿಭೂತಿ ಉಂಡೆ ಇಟ್ಟು ಗಂಟು ಹಾಕಿಕೊಂಡರು. ಅಲ್ಲಿಂದ ಒಂಬತ್ತು ವರ್ಷ, ದಿನಾ ಸ್ನಾನವಾದ ಮೇಲೆ ಗೋಡೆಗೆ ಮುಖಮಾಡಿ ಕೂತು ಅಂಗೈಯಲ್ಲಿ ಅದೇ ಉಂಡೆಯನ್ನು ಹಿಡಿದು ನೋಡುತ್ತಿದ್ದರು. ಸೊಸೆ, ಮಕ್ಕಳು, ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ನನಗೆ ಜೇವರ್ಗಿಗೆ ವರ್ಗವಾಗಿತ್ತು, ಟ್ರಂಕೂ ಜೊತೆಗೆ ಹೋಗಿತ್ತು. ರಜೆಗೆ ಊರಿಗೆ ಬಂದಾಗ ಆ ಬೆನ್ನು ನೋಡಲಾಗದೆ ನಾನು ಹೊರಗೆ ಹೋಗಿಬಿಡುತ್ತಿದ್ದೆ.

ಅವರು ತೀರಿದ ಸುದ್ದಿ ಜೇವರ್ಗಿಯ ನನ್ನ ಶಾಲೆಗೆ ಬಂತು. ಅವ್ವನ ಲಿಂಗ ಜೇಬಿನಲ್ಲಿಟ್ಟುಕೊಂಡೇ ಬಸ್ಸು ಹತ್ತಿದೆ. ಊರು ಮುಟ್ಟಿದಾಗ ಹೆಣ ಕುಣಿಯ ದಂಡೆಗೆ ಬಂದಿತ್ತು. ನನ್ನ ಅಣ್ಣನನ್ನು ಬದಿಗೆ ಕರೆದು ಎಲ್ಲ ಹೇಳಿದೆ. ಅವನ ಮಗಳ ಮದುವೆ ಗೊತ್ತಾಗಿತ್ತು, ಬೀಗರು ಅಲ್ಲೇ ನಿಂತಿದ್ದರು. ಅಣ್ಣ ನನ್ನ ಮಣಿಕಟ್ಟು ಹಿಡಿದ.

"ಹುಚ್ಚನಂಗ ಮಾಡಬ್ಯಾಡ. ಹಡದವ್ವನ ಲಿಂಗ ಮರೆತು ಮಣ್ಣು ಮಾಡಿದ ಮನಿ ಅಂತಾರ. ಬಾಯಿ ಮುಚ್ಚಿಕೊಂಡು ನಿಂದ್ರು. ಮುತ್ಯಾಗ ಈಗ ತಿಳಿತದೇನಲೇ?"

ಮುತ್ಯಾನ ಮಗ ಕುಣಿಗೆ ಇಳಿದ. ಗಂಟು ಬಿಚ್ಚಿ ನೋಡದೆ, ಹಾಗೆಯೇ ಅಪ್ಪನ ಎಡಗೈಯಲ್ಲಿಟ್ಟ. ತಳದ ಹಳ್ಳು ಯಾರೂ ಆರಿಸಿರಲಿಲ್ಲ. ಜೇಬಿನೊಳಗೆ ನನ್ನ ಬೆರಳು ಲಿಂಗವನ್ನು ಹಿಡಿದಿತ್ತು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದೆ. ಮದುವೆ ಚೆನ್ನಾಗಿಯೇ ಆಯಿತು.

ಲಿಂಗ ಅದೇ ಕರವಸ್ತ್ರದಲ್ಲಿ ಅದೇ ಟ್ರಂಕಿನಲ್ಲಿದೆ. ಅಣ್ಣನೂ ಹೋದ. ಇದನ್ನು ಬಲ್ಲವನು ಈಗ ನಾನೊಬ್ಬನೇ. ಮುತ್ಯಾನಿಗೆ ಏನೂ ತಿಳಿಯುವುದಿಲ್ಲ, ಒಪ್ಪುತ್ತೇನೆ. ಅವರೇ ಹೇಳಿದ ಮಾತು. ನನಗೆ ತಿಳಿಯುತ್ತದಲ್ಲ. ಆದರೂ ದಿನಾ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತೇನೆ, ನಾಚಿಕೆಗೆಟ್ಟ ಕೈ.